ಗೃಹವಿಚಾರ: ಬೇಡಿ ಪಡೆದ ತಾಯ್ತನ

ಸುಶ್ರುತಸಂಹಿತೆಯಲ್ಲಿ ಗರ್ಭಿಣಿಗೆ ದೌಹೃದಿನೀ ಎಂಬ ಹೆಸರುಂಟು. ನಾಲ್ಕನೆಯ ತಿಂಗಳಲ್ಲಿ ಶಿಶುವಿನ ಹೃದಯವು ವ್ಯಕ್ತವಾಗುವದರಿಂದ ಅವಳು ಎರಡು ಹೃದಯಗಳುಳ್ಳವಳಾಗುವಳೆಂಬದು ಅದರ ಭಾವ. ಅವಳ ಬಯಕೆಯನ್ನು ಅಲಕ್ಷಿಸಬಾರದೆಂದು ವಿಧಿಸಿದ ಆ ವೈದ್ಯರು ಗರ್ಭಿಣಿಯ ಶರೀರದೊಡನೆ ಮನಸ್ಸನ್ನೂ ಗಣನೆಗೆ ತಂದುಕೊಂಡಿದ್ದರು. ನಮ್ಮ ಸೀಮೆಯಲ್ಲಿ ಕುಬಸ ಮಾಡಿ, ಉಡಿ ತುಂಬಿ, ಬಯಕೆಯ ಊಟವನ್ನಿಕ್ಕುವ ಪದ್ಧತಿಯಲ್ಲಿಯೂ ಇದೇ ಕಾಳಜಿಯು ಕಾಣುವದು. ಈ ತಿಂಗಳು ನಾವು ವಾಚಕರ ಮುಂದಿಡುವದು ವರುಷಗಟ್ಟಲೆ ಔಷಧೋಪಚಾರ ಮಾಡಿಸಿಕೊಂಡು ತಾಯಿಯಾದವಳ ಮನಸ್ಸಿನ ವಿಚಾರವನ್ನು.

ದೇಹದ ಹೊರಗೆ ಗರ್ಭಾಂಕುರವನ್ನು ಬೆಳೆಯಿಸಿ ತಾಯಿಯ ಉದರದಲ್ಲಿ ನೆಲೆಗೊಳಿಸುವ ಕ್ರಮದಿಂದ ಮೊದಲನೆಯ ಶಿಶುವು ಇಂಗ್ಲಂಡದ ಓಲ್ಡಹ್ಯಾಮ್ ಎಂಬ ಊರಲ್ಲಿ 1978ನೆಯ ಜುಲೈ 25ರಂದು ಜನಿಸಿತು. ಅದೇ ವರುಷ ಅಕ್ಟೋಬರ 3ರಂದು ಕಲಕತ್ತೆಯಲ್ಲಿ ಡಾ. ಸುಭಾಷ ಮುಖೋಪಾಧ್ಯಾಯರ ಪ್ರಯತ್ನದಿಂದ ಎರಡನೆಯ ಶಿಶುವು ಹುಟ್ಟಿತು. ಅಂದಿನ ಅಧಿಕಾರಿಗಳು ಅವರ ಮಾತನ್ನು ನಂಬಲಿಲ್ಲ. 1981ರಲ್ಲಿ ಅವರು ಮನನೊಂದು ಪ್ರಾಣವನ್ನೇ ನೀಗಿಕೊಂಡರು. ಮುಂದೆ 1986ನೆಯ ಆಗಸ್ಟ 6ರಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ಕೈಯಿಂದ ಈ ಕಾರ್ಯವು ಸಫಲವಾಯಿತು. ಇಂದು ಗೋಕಾಕ, ಮೂಡಲಗಿ, ಹುಕ್ಕೇರಿಗಳ ದಂಪತಿಗಳಿಗೂ ಈ ಚಿಕಿತ್ಸೆಯು ಕೇಳದ ಮಾತಲ್ಲ. ಹೊಲವನ್ನು ಒತ್ತೆಯಿಟ್ಟು, ಬಂಗಾರವನ್ನು ಮಾರಿ ದೊಡ್ಡ ಊರಿನ ದವಾಖಾನೆಗಳಿಗೆ ಅಲೆಯುವವರು ಹಳ್ಳಿಗಳಲ್ಲಿಯೂ ಇರುವರು.

ಇಂಥ ಮನೆಯೊಂದನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಲಿ. ಮದುವೆಯಾಗಿ ಹತ್ತು ವರುಷ. ಎರಡು ಸಾರೆ ಚಿಕಿತ್ಸೆಯು ನಿಷ್ಫಲವಾಗಿ ಮೂರನೆಯ ಸಾರೆ ಕೂಸು ಹುಟ್ಟಿದೆ. ಊರಿಗೆಲ್ಲ ಕರದಂಟು ಹಂಚಿದ್ದಾಗಿದೆ. ಬಾಣಂತಿಗೆ ಅಂಟಿನ ಉಂಡಿ ಕಟ್ಟಿದ್ದಾಗಿದೆ. ಆದರೆ ತಿಂಗಳಾದರೂ ಅವಳ ಮುಖದಲ್ಲಿ ಕಳೆಯಿಲ್ಲ. ಕೂಸು ಮಲಗಿದಾಗಲೂ ತಾನು ಮಲಗಳು, ಅದರ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವಳು, ಕಾರಣವಿಲ್ಲದೆ ಅಳುವಳು. ಅತ್ತೆಯು ಕೆಟ್ಟವಳಲ್ಲ. "ಬೇಡಿ ಬೇಡಿ ಪಡದದ್ದು ಮಡಲಾಗ ಐತಿ, ಇನ್ನ್ಯಾಕ ಅಳತಿ ಯವ್ವಾ?" ಎಂದು ಕೇಳುವಳು. ಸೊಸೆಯು ಉತ್ತರ ಕೊಡಳು. ಅದೇ ಪ್ರಶ್ನೆಯನ್ನು ತನಗೆ ತಾನೇ ನೂರು ಸಾರೆ ಕೇಳಿಕೊಂಡು ಅವಳು ಸೋತಿರುವಳು.

ಇದಕ್ಕೆ ಕಾರಣಗಳುಂಟು. ಮೊದಲನೆಯದು, ಭಯದ ರೂಢಿ. ಪ್ರತಿ ತಿಂಗಳೂ ಆಸೆಪಟ್ಟು ನಿರಾಶಳಾದ ಮನಸ್ಸು ಸಂತೋಷವನ್ನು ನಂಬಲು ಹಿಂಜರಿಯುವದು. ಕೈಗೆ ಬಂದುದು ಎಲ್ಲಿ ಜಾರುವದೋ ಎಂದು ಕಾಯುವದು. ಎರಡನೆಯದು, ಕಲ್ಪನೆ. ಬಹುಕಾಲ ಹಂಬಲಿಸಿದವಳು ತಾಯ್ತನವನ್ನು ಮನಸ್ಸಿನಲ್ಲಿ ದೇವಾಲಯದಂತೆ ಕಟ್ಟಿಕೊಂಡಿರುವಳು; ನಿದ್ದೆಗೆಟ್ಟ ರಾತ್ರಿ, ಮೊಲೆಹಾಲಿನ ತೊಂದರೆ, ಹೊಲಿಗೆಯ ನೋವುಗಳಿಗೆ ಅಲ್ಲಿ ಸ್ಥಳವಿರಲಿಲ್ಲ. ಮೂರನೆಯದೇ ಕಠಿಣವಾದುದು. ತಾನು ದೂರಬಾರದೆಂದು ಅವಳು ತಿಳಿದಿರುವಳು. ನೆರೆಮನೆಯ ಬಾಣಂತಿಯು "ಸಾಕಾಯಿತು" ಎಂದರೆ ಎಲ್ಲರೂ ನಗುವರು. ಇವಳು ಅಂದರೆ ಕೃತಘ್ನಳೆನ್ನಿಸಿಕೊಳ್ಳುವಳು. ಆಸ್ಟ್ರೇಲಿಯದ ವಿದುಷಿಯರು ಅನೇಕ ಸಂಶೋಧನೆಗಳನ್ನು ಪರಾಮರ್ಶಿಸಿ 2008ರಲ್ಲಿ ಪ್ರಕಟಿಸಿದ ಲೇಖನದಲ್ಲಿಯೂ, ಇಂಥ ಸ್ತ್ರೀಯರಿಗೆ ಗರ್ಭವು ನಿಲ್ಲುವದೋ ಇಲ್ಲವೋ ಎಂಬ ಆತಂಕವು ಹೆಚ್ಚೆಂದೂ, ತಾಯ್ತನದ ಆದರ್ಶಚಿತ್ರವೇ ಮುಂದೆ ತೊಡಕಾಗಬಹುದೆಂದೂ ಹೇಳಿರುವರು.

ಹಾಗಾದರೆ ಇವಳ ವಾತ್ಸಲ್ಯದಲ್ಲಿ ಕೊರತೆಯೇ? ಅಲ್ಲ. ಇಂಗ್ಲಂಡ, ನೆದರ್ಲಂಡ್ಸ, ಇಟಲಿ, ಸ್ಪೇನ ದೇಶಗಳ ಕುಟುಂಬಗಳನ್ನು ಪರೀಕ್ಷಿಸಿ ಸೂಸನ್ ಗೊಲಂಬೋಕ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಚಿಕಿತ್ಸೆಯಿಂದ ತಾಯಂದಿರಾದವರ ಮಮತೆಯು ಸಹಜವಾಗಿ ಹಡೆದವರಿಗಿಂತ ಕಡಿಮೆಯಿರದೆ ಹೆಚ್ಚೇ ಇದ್ದಿತು. ದುಃಖವಿದ್ದಲ್ಲಿ ಪ್ರೀತಿಯಿಲ್ಲವೆಂದು ಬಗೆಯುವದು ನಮ್ಮ ತರ್ಕದೋಷ.

ಹೆರಿಗೆಯ ಮೊದಲ ದಿನಗಳಲ್ಲಿ ಕಣ್ಣೀರು ಬರುವದು ಸಾಮಾನ್ಯ. ಅದು ಎರಡು ವಾರಗಳೊಳಗೆ ತಾನೇ ಶಮನವಾಗುವದು. ಅದನ್ನು ಮೀರಿ ಉಳಿದರೆ ವ್ಯಾಧಿಯೆಂದು ತಿಳಿಯಬೇಕು. ಬೆಳವಣಿಗೆಯಲ್ಲಿರುವ ದೇಶಗಳಲ್ಲಿ ಹೆತ್ತವರ ಪೈಕಿ ಸುಮಾರು ಐವರಲ್ಲೊಬ್ಬಳಿಗೆ ಮನೋವ್ಯಾಧಿಯು, ವಿಶೇಷವಾಗಿ ಖಿನ್ನತೆಯು, ಬರುವದೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಇದು ಎಲ್ಲ ಬಾಣಂತಿಯರ ಲೆಕ್ಕವೇ ಹೊರತು ಚಿಕಿತ್ಸೆ ಪಡೆದವರದಷ್ಟೇ ಅಲ್ಲ. ಇದನ್ನು ಗುರುತಿಸಲು 1987ರಲ್ಲಿ ಎಡಿನ್‌ಬರೋದಲ್ಲಿ ಸಿದ್ಧವಾದ ಹತ್ತು ಪ್ರಶ್ನೆಗಳ ಪತ್ರಿಕೆಯಿದೆ. ಕನ್ನಡದಲ್ಲಿಯೂ ಅದರ ರೂಪವುಂಟು. ಕಳೆದ ಏಳು ದಿನಗಳ ಮನಃಸ್ಥಿತಿಯನ್ನು ಕೇಳುವ ಈ ಪತ್ರಿಕೆಯ ಕೊನೆಯ ಪ್ರಶ್ನೆಯು ತನಗೆ ತಾನೇ ಹಾನಿ ಮಾಡಿಕೊಳ್ಳುವ ವಿಚಾರದ್ದು. ಅಂಥ ವಿಚಾರವು ಬಂದಿದ್ದರೆ ಒಂದು ದಿನವೂ ತಡಮಾಡದೆ ವೈದ್ಯರನ್ನು ಕಾಣಬೇಕು, ಅವಳನ್ನು ಒಂಟಿಯಾಗಿ ಬಿಡಬಾರದು.

ಮನೆಯವರು ಮಾಡತಕ್ಕ ಕೆಲಸಗಳು ಕಷ್ಟದವಲ್ಲ. ರಾತ್ರಿಯ ಒಂದು ಜಾವವಾದರೂ ಕೂಸನ್ನು ಬೇರೆಯವರು ಎತ್ತಿಕೊಂಡು ತಾಯಿಗೆ ನಿದ್ದೆ ಕೊಡಲಿ. ಅವಳಿಕೂಸುಗಳಿದ್ದರಂತೂ ಇಬ್ಬರ ಸಹಾಯವು ಬೇಕು. ಗಂಡನು ಸಾಲದ ಚಿಂತೆಯನ್ನು ಅವಳ ತಲೆಗೆ ಕಟ್ಟದಿರಲಿ. ಅವಳು ಅತ್ತರೆ ಉಪದೇಶಿಸದೆ ಕೇಳಿಕೊಳ್ಳಲಿ. ಚಿಕಿತ್ಸೆಯ ವಿಷಯವನ್ನು ಯಾರಿಗೆ ಹೇಳಬೇಕೆಂಬದು ದಂಪತಿಗಳ ಇಚ್ಛೆ. ನೆಂಟರ ಹರಟೆಗೆ ಅದು ವಸ್ತುವಲ್ಲ. 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ಫೋನು ಮಾಡಿದರೆ ಹಣವಿಲ್ಲದೆ ಸಲಹೆಯು ದೊರೆಯುವದು. ರೋಗವು ತೀವ್ರವಾದರೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಉಪಚರಿಸುವ ವಿಭಾಗವಿದೆ. ಚಿಕಿತ್ಸೆಗೆ ಮೊದಲೇ ಅದರ ಪರಿಣಾಮ, ಸಫಲತೆಯ ಸಂಭವ, ವೆಚ್ಚ, ದತ್ತಕದ ಮಾರ್ಗ ಇವೆಲ್ಲವನ್ನೂ ದಂಪತಿಗಳಿಗೆ ತಿಳಿಸಿ ಹೇಳಬೇಕೆಂದು 2021ರ ಕಾಯಿದೆಯು ದವಾಖಾನೆಗಳಿಗೆ ಕಟ್ಟಳೆ ಹಾಕಿದೆ. ಆ ಮಾತನ್ನು ಕೇಳಿ ಪಡೆಯುವದು ನಮ್ಮ ಹಕ್ಕು.

ಕೊನೆಗೆ ಒಂದು ಶಬ್ದದ ವಿಷಯ. ಸಂತಾನವಾಗದಿರುವದಕ್ಕೆ ಕಾರಣವು ಗಂಡನಲ್ಲಿರುವ ಪ್ರಸಂಗಗಳೂ ವಿಪುಲವಾಗಿವೆ. ಆದರೂ "ಬಂಜೆ" ಎಂಬ ಮಾತು ಹೆಣ್ಣಿಗೇ ಅಂಟುವದು. ಕೂಸು ಹುಟ್ಟಿದೊಡನೆ ಜನರು ಅದನ್ನು ಮರೆಯುವರು, ಕೇಳಿಸಿಕೊಂಡವಳು ಮರೆಯಳು. ತೊಟ್ಟಿಲ ಪಕ್ಕದಲ್ಲಿ ಅವಳು ಎಚ್ಚರಿರುವದಕ್ಕೆ ಆ ಮಾತೂ ಒಂದು ಕಾರಣ. ಚಿಕಿತ್ಸೆಯು ಫಲಿಸದ ಮನೆಗಳೂ ನಮ್ಮ ನಡುವೆ ಇರುವವು. ಅಲ್ಲಿಯ ಹೆಣ್ಣುಮಕ್ಕಳಿಗೆ ಈ ಮಾತಿನ ಭಾರವು ಇನ್ನೂ ಹೆಚ್ಚು. ಇದನ್ನು ಓದುವ ಹಿರಿಯರು ಆ ಶಬ್ದವನ್ನು ತಮ್ಮ ಮನೆಯ ಹೊಸ್ತಿಲೊಳಗೆ ಬರಗೊಡದಿದ್ದರೆ, ಯಾವ ಔಷಧವೂ ಮಾಡಲಾರದ ಉಪಕಾರವನ್ನು ಮಾಡಿದಂತಾಗುವದು.