ಬಿತ್ತಿದ ಮರಿಯ ಲೆಕ್ಕವಿದೆ, ಹೊಳೆಯ ಮೀನಿನ ಲೆಕ್ಕವೆಲ್ಲಿ?



ಕೆರೆ, ಜಲಾಶಯಗಳಿಗೆ ಇಷ್ಟು ಲಕ್ಷ ಮೀನುಮರಿ ಬಿಡಲಾಯಿತು ಎಂಬ ಸುದ್ದಿಯನ್ನು ಪ್ರತಿವರ್ಷವೂ ಓದುತ್ತೇವೆ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಗಳಿಂದ ಮೀನುಗಾರರ ಮನೆ ನಡೆಯುತ್ತಿದೆ. ಬಿತ್ತನೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಇಲ್ಲಿನ ನೀರಲ್ಲೇ ಹುಟ್ಟಿ ಬೆಳೆಯುವ ಮೀನು ಎಷ್ಟು ಉಳಿದಿದೆ ಎಂಬ ಮಾತು ಆ ಸುದ್ದಿಯಲ್ಲಿ ಇರುವುದೇ ಇಲ್ಲ.

ದಡದಲ್ಲಿ ಬಲೆ ಬಿಡಿಸುವುದನ್ನು ನೋಡಿ. ದಪ್ಪ ತಲೆಯ, ಮೇಲ್ಮುಖ ಬಾಯಿಯ ಕಾಟ್ಲಾ ಒಂದೊಂದಾಗಿ ತಕ್ಕಡಿ ಏರುತ್ತದೆ. ನಾಡಮೀನುಗಳಾದ ಗಿರ್ಲು, ಪಕ್ಕೆಗಳೆಲ್ಲ ‘ಸಣ್ಣ ಮೀನು’ ಎಂದು ಒಂದೇ ಬುಟ್ಟಿಗೆ ಬೀಳುತ್ತವೆ. ಅವುಗಳಲ್ಲೊಂದು ಜಾತಿ ಬರುವುದೇ ನಿಂತರೂ ಒಟ್ಟು ತೂಕ ಅದನ್ನು ತೋರಿಸದು.

ಕಾವೇರಿಯಲ್ಲಿ ಆದದ್ದೂ ಇದೇ. ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಮಹಸೀರ್ ಮೀನನ್ನು 1970ರ ದಶಕದಿಂದೀಚೆಗೆ ಅಲ್ಲಿಗೆ ಬಿಟ್ಟರು. ಕಾವೇರಿ ದಡದ ಗಾಲಿಬೋರೆ ಶಿಬಿರದಲ್ಲಿ ಗಾಳ ಹಾಕಿದವರ 1998ರಿಂದ 2012ರವರೆಗಿನ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದಾಗ ಮಹಸೀರ್ ಒಟ್ಟಾರೆ ಹೆಚ್ಚಿತ್ತು. ಕಾವೇರಿ ಕೊಳ್ಳ ಬಿಟ್ಟು ಬೇರೆಲ್ಲೂ ಇರದ ಗೂನುಬೆನ್ನಿನ ಮಹಸೀರ್ ಮಾತ್ರ ಕುಸಿದಿತ್ತು. 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ತೀವ್ರ ಅಳಿವಿನಂಚಿನ ಜೀವಿ ಎಂದು ಸಾರಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದುಗಳ ಪಾಲೂ ಈ ಕುಸಿತದಲ್ಲಿದೆ. ಆದರೂ ಜಾತಿ ನೋಡದೆ ಎಣಿಸಿದ್ದರೆ ಆ ಕುಸಿತ ತಿಳಿಯುತ್ತಲೇ ಇರಲಿಲ್ಲ. ಅಲ್ಲಿ ಜಾಗ ಹಿಡಿದ ನೀಲಿ ರೆಕ್ಕೆಯ ಮೀನು ನಮ್ಮ ಭೀಮಾ ಕೊಳ್ಳದ್ದು. 1839ರಲ್ಲಿ ನಿಸರ್ಗತಜ್ಞ ಸೈಕ್ಸ್ ಅದನ್ನು ವಿವರಿಸಿದ್ದು ಭೀಮಾ ಸೇರುವ ಪುಣೆಯ ಮುಳಾ-ಮುಠಾ ನದಿಯಿಂದ. ದೇಶದ್ದೇ ಮೀನು ಎಂದ ಮಾತ್ರಕ್ಕೆ ಎಲ್ಲ ಹೊಳೆಗೂ ಒಗ್ಗುತ್ತದೆ ಎನ್ನಲಾಗದು.

ಬೇರೆ ಮಾಡಿ ಎಣಿಸುವ ಕ್ರಮ ಬೇರೆಡೆ ಇದೆ. ಅಮೆರಿಕದ ಕೊಲಂಬಿಯಾ ನದಿಗೆ ಸಾಕಿದ ಸಾಲ್ಮನ್ ಮರಿ ಬಿಡುವ ಮುನ್ನ ಬಹುಪಾಲು ಮರಿಗಳ ಬಾಲದ ಬಳಿಯ ಪುಟ್ಟ ಬೆನ್ನುರೆಕ್ಕೆಯನ್ನು ಕತ್ತರಿಸುತ್ತಾರೆ. ಸಮುದ್ರದಿಂದ ಮರಳಿದಾಗ ಸಾಕಿದ್ದು ಯಾವುದು, ಹೊಳೆಯದ್ದು ಯಾವುದು ಎಂದು ಬೇರೆ ಮಾಡಿ ಎಣಿಸಲು ಈ ಗುರುತು. ನಮಗೆ ಆ ಶ್ರಮವೂ ಬೇಕಿಲ್ಲ. ನಾವು ಬಿತ್ತುವ ಜಾತಿಗಳೇ ಬೇರೆ. ಮೀನುಗಾರರು ನೋಡಿದೊಡನೆ ಹೇಳಬಲ್ಲರು.

ನಮ್ಮ ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಮತ್ತು ಕೆಳದಂಡೆ ಮುಲ್ಲಾಮಾರಿ ಜಲಾಶಯಗಳ ಗೇಟು ತೆರೆದರೆ ಮೀನು ಕಾಗಿಣಾ ನದಿ ಸೇರಿ ಭೀಮೆಯವರೆಗೂ ಹೋಗುತ್ತದೆ. ಹಾಗಾಗಿ ಮೀನುಗಾರಿಕೆ ಇಲಾಖೆ ಈ ಜಲಾಶಯಗಳಲ್ಲೂ ಕಾಗಿಣಾದಲ್ಲೂ ಸಿಗುವ ಮೀನನ್ನು ಜಾತಿವಾರು ತೂಗಿ ಬರೆಸಲಿ, ಆ ಕೆಲಸಕ್ಕೆ ಮೀನುಗಾರರ ಸಹಕಾರ ಸಂಘಗಳಿಗೆ ಹಣ ಕೊಡಲಿ. ಬಿತ್ತನೆಯ ಅಂಕಿಯ ಪಕ್ಕದಲ್ಲೇ ನಾಡಮೀನಿನ ಅಂಕಿಯೂ ಪ್ರತಿವರ್ಷ ಪ್ರಕಟವಾಗಲಿ. ಕಡಿಮೆಯಾದ ಜಾತಿಯ ಮರಿಯನ್ನು ಇದೇ ಹೊಳೆಯ ತಾಯಿಮೀನಿನಿಂದ ಮಾಡಿಸಿ ಬಿಡಲಿ.

– ಓದುಗ, ಐನಾಪುರ, ಚಿಂಚೋಳಿ ತಾಲ್ಲೂಕು