ಹಳೆಯ ಗಾಡಿಗೆ ಎಂಥ ಎಂಜಿನ್?

ಒಂದು ಕುಟುಂಬವು ಸಾಲ ಮಾಡಿ ಹಳೆಯ ಪಿಕಪ್ ವಾಹನವನ್ನು ಕೊಳ್ಳುವಾಗ, ಅದು ನಿಜವಾಗಿ ಕೊಳ್ಳುವುದು ಎಂಜಿನ್ನನ್ನು. ಬಣ್ಣ, ಸೀಟು, ಟೈರುಗಳನ್ನು ಮುಂದೆ ಅನುಕೂಲವಾದಾಗ ಬದಲಿಸಬಹುದು. ಎಂಜಿನ್ ಕೈಕೊಟ್ಟರೆ ಗಾಡಿ ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ. ಮನೆಯ ಒಡವೆಯನ್ನು ಅಡವಿಟ್ಟು ಮಗನಿಗೊಂದು ದುಡಿಮೆಯ ದಾರಿ ಮಾಡಿಕೊಡಲು ಹೊರಟ ಸದ್ಗೃಹಸ್ಥರು ಈ ವಿಷಯವನ್ನು ಸಾವಧಾನವಾಗಿ ಆಲೋಚಿಸಬೇಕೆಂದು ನಾವು ಬಯಸುತ್ತೇವೆ.

ಮೊದಲನೆಯದು ಹೊರೆಯ ಲೆಕ್ಕ. ಗಂಗಾವತಿ ಸೀಮೆಯ ಹನುಮನಹಳ್ಳಿ, ಆನೆಗೊಂದಿಗಳ ನೆಲ ತುಂಗಭದ್ರೆಯ ನೀರುಂಡು ಭತ್ತ, ಬಾಳೆಗಳನ್ನು ಬೆಳೆಯುತ್ತದೆ. ಇಲ್ಲಿ ಭತ್ತವನ್ನು 75 ಕಿಲೋ ಚೀಲದ ಲೆಕ್ಕದಲ್ಲಿ ಮಾರುವುದು ವಾಡಿಕೆ. 10 ಚೀಲವೆಂದರೆ 750 ಕಿಲೋ, 20 ಚೀಲವೆಂದರೆ ಒಂದೂವರೆ ಟನ್ನು. 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್‌ನ ಎರಡು ಸಿಲಿಂಡರಿನ 702 ಸಿ.ಸಿ. ಡೀಸೆಲ್ ಎಂಜಿನ್ ಹತ್ತು ಚೀಲದ ಹೊರೆಗೆ, ಊರಿಂದ ಪೇಟೆಗೆ ಓಡಾಡುವ ಕೆಲಸಕ್ಕೆ ತಕ್ಕುದು. ಅದರ ಮೇಲೆ ದಿನವೂ ಇಪ್ಪತ್ತು ಚೀಲ ಹೇರಿದರೆ ಪಿಸ್ಟನ್, ರಿಂಗುಗಳು ಬೇಗನೆ ಸವೆಯುತ್ತವೆ. ಅಷ್ಟು ಹೊರೆ ನಿತ್ಯದ್ದಾದರೆ ನಾಲ್ಕು ಸಿಲಿಂಡರಿನ ಎಂಜಿನ್ ಬೇಕು. ಮಹೀಂದ್ರ ಬೊಲೆರೊ ಪಿಕಪ್‌ನ 2523 ಸಿ.ಸಿ. ಎಂಜಿನ್, ಟಾಟಾ 207 ಡಿ.ಐ. ಗಾಡಿಯ ಸುಮಾರು 3 ಲೀಟರ್ ಗಾತ್ರದ ಎಂಜಿನ್ ಈ ವರ್ಗಕ್ಕೆ ಸೇರಿದವು. ಆದರೂ ಆರ್.ಸಿ.ಯಲ್ಲಿ ಬರೆದಿರುವ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕವನ್ನು ಕಳೆದು, ಹೇರಬಹುದಾದ ಹೊರೆಯನ್ನು ಮೊದಲೇ ತಿಳಿಯಬೇಕು. ಹೊರೆ ಕಡಿಮೆಯಿರುವವರು ದೊಡ್ಡ ಎಂಜಿನ್ ಕೊಂಡರೆ ವರ್ಷವಿಡೀ ಡೀಸೆಲ್ಲಿಗೆ ದಂಡ ತೆರಬೇಕಾಗುತ್ತದೆ.

ಎರಡನೆಯದು ಡೀಸೆಲ್ ಪಂಪಿನ ವಿಚಾರ. ಹಳೆಯ ಎಂಜಿನ್ನುಗಳಲ್ಲಿ ಪಂಪು ಹಲ್ಲಿನ ಗಾಲಿಯಿಂದಲೋ ಬೆಲ್ಟಿನಿಂದಲೋ ತಿರುಗಿ, ಪ್ರತಿ ಸಿಲಿಂಡರಿಗೂ ಡೀಸೆಲ್ಲನ್ನು ಅಳೆದು ಕೊಡುತ್ತದೆ. ಕಾಮನ್ ರೈಲ್ ಎಂಬ ಹೊಸ ಪದ್ಧತಿಯಲ್ಲಿ ಡೀಸೆಲ್ಲು ಒಂದೇ ಕೊಳವೆಯಲ್ಲಿ ವಾಯುಭಾರದ ಸಾವಿರ ಪಟ್ಟು ಮೀರಿದ ಒತ್ತಡದಲ್ಲಿರುತ್ತದೆ. ಯಾವಾಗ, ಎಷ್ಟು ಸಿಂಪಡಿಸಬೇಕೆಂಬುದನ್ನು ಕಂಪ್ಯೂಟರು ನಿರ್ಧರಿಸುತ್ತದೆ. ಇದರಿಂದ ಎಂಜಿನ್ನಿನ ಎಳೆತ ಹೆಚ್ಚು, ಹೊಗೆ ಕಡಿಮೆ. ಆದರೆ ಡೀಸೆಲ್ಲಿನಲ್ಲಿ ನೀರು, ಧೂಳು ಸೇರಿದರೆ ಪಂಪು, ಇಂಜೆಕ್ಟರುಗಳೆರಡೂ ಕೆಡುತ್ತವೆ. ರಿಪೇರಿಗೆ ವಿಶೇಷ ಯಂತ್ರ, ಪರಿಣತ ಕೈ ಬೇಕು. ದೇಶದಾದ್ಯಂತ ಬಿ.ಎಸ್. 4 ನಿಯಮ ಜಾರಿಗೆ ಬಂದದ್ದು 2017ರ ಏಪ್ರಿಲ್ 1ರಂದು, ಬಿ.ಎಸ್. 6 ಬಂದದ್ದು 2020ರ ಏಪ್ರಿಲ್ 1ರಂದು. ಗಾಡಿ ತಯಾರಾದ ವರ್ಷದಿಂದ ಎಂಜಿನ್ನಿನ ಜಾತಿಯನ್ನು ಬಹುಮಟ್ಟಿಗೆ ಊಹಿಸಬಹುದು. ಊರಿನ ಮೇಸ್ತ್ರಿ ಬಿಚ್ಚಿ ಜೋಡಿಸಬಲ್ಲ ಎಂಜಿನ್ ಊರೊಳಗಿನ ದುಡಿಮೆಗೆ ಲೇಸು. ಕುಷ್ಟಗಿ, ಯಲಬುರ್ಗಾಗಳಿಂದ ಹೆದ್ದಾರಿ ಹಿಡಿದು ದೂರದ ಪೇಟೆಗಳಿಗೆ ಮಾಲು ಒಯ್ಯುವವರು, ಕಂಪನಿಯ ವರ್ಕ್‌ಶಾಪು ಹತ್ತಿರದಲ್ಲಿದ್ದರೆ, ಕಾಮನ್ ರೈಲ್ ಎಂಜಿನ್ನನ್ನು ಕೊಳ್ಳಬಹುದು.

ಮೂರನೆಯದು ಪರೀಕ್ಷೆ. ಡೀಸೆಲ್ಲು ಕಿಡಿಯಿಂದ ಹೊತ್ತುವುದಿಲ್ಲ, ಒತ್ತಿದ ಗಾಳಿಯ ಕಾವಿನಿಂದ ಹೊತ್ತುತ್ತದೆ. ಆದ್ದರಿಂದ ಸವೆದ ಎಂಜಿನ್ನಿನ ಗುಟ್ಟು ತಣ್ಣಗಿರುವಾಗಲೇ ಬಯಲಾಗುವುದು. ಮುಂಜಾನೆಯೇ ಹೋಗಿ, ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆಂದು ಹೇಳಿ. ಚಾಲೂ ಮಾಡುವ ಮೊದಲೇ ರೇಡಿಯೇಟರಿನ ಮುಚ್ಚಳ ತೆಗೆದು, ನೀರಿನ ಮೇಲೆ ಎಣ್ಣೆಯ ಪದರವಿದೆಯೇ ಎಂದು ನೋಡಬೇಕು; ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಶಯವುಂಟು. ಬಿಸಿಯಾದ ಮೇಲೆ ಆ ಮುಚ್ಚಳವನ್ನು ಎಂದಿಗೂ ತೆಗೆಯಬಾರದು. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಭಕಭಕನೆ ಹೊಗೆ ಬಂದರೆ ಅದು ಮೇಸ್ತ್ರಿಗಳು ಹೇಳುವ ಬ್ಯಾಕ್ ಕಂಪ್ರೆಷನ್. ನೀಲಿ ಹೊಗೆ ಆಯಿಲ್ ಸುಡುತ್ತಿರುವುದರ ಗುರುತು. ಕಪ್ಪು ಹೊಗೆಗೆ ನೋಜಲ್, ಪಂಪು ಅಥವಾ ಏರ್ ಫಿಲ್ಟರಿನ ದೋಷ ಕಾರಣವಿರಬಹುದು. ಆಮೇಲೆ ಹೊರೆ ಹೇರಿ ಒಂದು ಏರು ಹತ್ತಿಸಿ ನೋಡಬೇಕು.

ಕೊನೆಯದಾಗಿ ಕಾಗದಪತ್ರ. ಎಂಜಿನ್ ನಂಬರು, ಚಾಸಿ ನಂಬರು ಆರ್.ಸಿ.ಗೆ ಹೊಂದಬೇಕು. ಎಂಜಿನ್ ಬದಲಾಗಿದ್ದರೆ ಅದು ಆರ್.ಸಿ.ಯಲ್ಲಿ ದಾಖಲಾಗಿರಬೇಕು, ಇಲ್ಲವಾದರೆ ಬೆಲೆ ಎಷ್ಟೇ ಅಗ್ಗವಿದ್ದರೂ ಅದು ಬೇಡ. ಗಾಡಿಯ ಮೇಲೆ ಹಳೆಯ ಸಾಲವಿದ್ದರೆ, ಅದು ತೀರಿದ ಪತ್ರ ಕೈಸೇರುವವರೆಗೆ ಪೂರ್ತಿ ಹಣ ಕೊಡಲಾಗದು.

ಕೈಯಲ್ಲಿರುವ ಹಣವನ್ನೆಲ್ಲ ಗಾಡಿಗೇ ಸುರಿಯದೆ, ರಿಪೇರಿಗೆಂದು ಒಂದು ಪಾಲನ್ನು ತೆಗೆದಿಡುವುದು ವಿವೇಕ. ಮುಂಗಡ ಕೊಡುವ ಮುನ್ನ ಮನೆಯ ತಾಯಂದಿರೂ ಸೇರಿ ಎಲ್ಲರೂ ಕುಳಿತು ಈ ಲೆಕ್ಕ ಹಾಕಲಿ. ಮಾರುವವನ ಮಾತಿಗಿಂತ ನಿಮ್ಮ ನಂಬಿಕೆಯ ಮೇಸ್ತ್ರಿಯ ಕಿವಿಗೆ ಹೆಚ್ಚು ಬೆಲೆ ಕೊಡಿ.