ಸಿನಿಮಾ ಕನಸಿಗೆ ಜಿಮ್ ಒಂದೇ ಸಾಲದು

ಸಿನಿಮಾ ಸೇರಬೇಕು ಅಂತ ಹೊರಟವರಿಗೆ ಊರಲ್ಲಿ ಈಗ ಎರಡೇ ಬುದ್ಧಿಮಾತು ಸಿಗುತ್ತವೆ. ಒಂದು, ಜಿಮ್ ಸೇರಿ ಮೈ ಕಟ್ಟು. ಎರಡು, ಬೆಂಗಳೂರಿಗೆ ಹೋಗಿ ಕೋರ್ಸ್ ಮಾಡು. ಫೋನ್ ತೆರೆದರೆ ಜಾಹೀರಾತು ಕಾದಿರುತ್ತದೆ: ಮೂರು ತಿಂಗಳಲ್ಲಿ ನಟನೆ, ಡ್ಯಾನ್ಸ್, ಫೈಟ್ ಎಲ್ಲ ಕಲಿಸುತ್ತೇವೆ, ಅವಕಾಶವನ್ನೂ ಕೊಡಿಸುತ್ತೇವೆ! ಆ ಫೀಸು ಕಟ್ಟಲು ಮನೆಯಲ್ಲಿ ಕುರಿ ಮಾರುತ್ತಾರೆ, ಸಂಘದಲ್ಲಿ ಸಾಲ ತೆಗೆಯುತ್ತಾರೆ.

ನನ್ನ ಮಾತು ಇಷ್ಟೇ. ಕನಸು ತಪ್ಪಲ್ಲ, ಅವಸರ ತಪ್ಪು. ನಟನ ಮೈ, ದನಿ, ಉಸಿರು ಮೂರೂ ಹದಕ್ಕೆ ಬರಲು ವರ್ಷಗಳು ಬೇಕು. ಆ ಕಲಿಕೆಯ ದೊಡ್ಡ ಪಾಲು ನಮ್ಮ ಊರುಗಳ ಆಸುಪಾಸಿನಲ್ಲೇ, ಕಡಿಮೆ ಖರ್ಚಿನಲ್ಲಿ ಸಿಗುತ್ತದೆ. ಸಾಲ ಮಾಡುವ ಮೊದಲು ಅದನ್ನು ಕಲಿಯಿರಿ.

ಹೆಸರು ಮಾಡಿದವರನ್ನೇ ನೋಡಿ. ರಾಜ್‌ಕುಮಾರ್ ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ತಂದೆಯ ಜೊತೆ ನಾಟಕ ಕಂಪನಿ ಸೇರಿದವರು. ‘ಬೇಡರ ಕಣ್ಣಪ್ಪ’ ಬಂದದ್ದು 1954ರಲ್ಲಿ. ಅಷ್ಟು ಹೊತ್ತಿಗೆ ಹಾಡು, ಮಾತು, ನಿಲುವು ಎಲ್ಲವೂ ರಂಗದ ಮೇಲೆ ಪಳಗಿದ್ದವು. ಹೆಸರು ಬಂದ ಮೇಲೂ ಅವರು ಕಲಿಯುವುದನ್ನು ಬಿಡಲಿಲ್ಲ. ವಯಸ್ಸು ಮಾಗಿದ ಮೇಲೆ ಯೋಗ ಕಲಿತರು. 1983ರ ‘ಕಾಮನಬಿಲ್ಲು’ ಚಿತ್ರದಲ್ಲಿ ಅವರ ಆಸನಗಳನ್ನು ಈಗಲೂ ನೋಡಬಹುದು.

ಹಿಂದಿಯ ವಿದ್ಯುತ್ ಜಾಮ್ವಾಲ್ ಹಾರುವುದನ್ನು ರೀಲ್ಸ್‌ನಲ್ಲಿ ನೋಡಿ ನಮ್ಮ ಹುಡುಗರು ಹಾರುತ್ತಾರೆ. ಆತ ಕೇರಳದ ಪಾಲಕ್ಕಾಡಿನಲ್ಲಿ ಮೂರನೇ ವಯಸ್ಸಿನಿಂದ ಕಳರಿಪಯಟ್ಟು ಕಲಿತವನು. ತೆರೆಯ ಮೇಲೆ ಕಂಡದ್ದು 2011ರಲ್ಲಿ, ಮೂವತ್ತರ ಪ್ರಾಯದಲ್ಲಿ. ನಾವು ನೋಡುವುದು ಮೂವತ್ತು ಸೆಕೆಂಡು, ಅದರ ಹಿಂದೆ ಇರುವುದು ಇಪ್ಪತ್ತು ವರ್ಷಕ್ಕೂ ಮೇಲಿನ ಬೆವರು. ನಮ್ಮ ಕುಂದಾಪುರ ಸೀಮೆಯ ರಿಷಬ್ ಶೆಟ್ಟಿ ಯಕ್ಷಗಾನದ ವೇಷ ಹಾಕಿ ಬೆಳೆದವರು. ‘ಕಾಂತಾರ’ದ ಕುಣಿತ, ಹೆಜ್ಜೆ, ಕೂಗು ಜಿಮ್ಮಿನಲ್ಲಿ ಹುಟ್ಟಿದ್ದಲ್ಲ.

ಕಳರಿಯಲ್ಲಿ ಕಲಿಸುವ ಕ್ರಮವೇ ಒಂದು ಪಾಠ. ಮೊದಲು ಮೈ ಬಾಗಿಸುವ, ತಿರುಗಿಸುವ, ಕುಳಿತೇಳುವ ಅಭ್ಯಾಸ. ಆಮೇಲೆ ಮರದ ಕೋಲು. ಅದು ಕೈಗೆ ಹತ್ತಿದ ಮೇಲೆ ಕತ್ತಿ, ಗುರಾಣಿ. ಬರಿಗೈ ಕಾದಾಟ ಎಲ್ಲಕ್ಕಿಂತ ಕೊನೆಗೆ. ಹೊಡೆಯಲು ಕಲಿಸುವ ಗುರುವಿಗೇ ಉಳುಕು ತಿಕ್ಕಲು, ಎಣ್ಣೆ ಹಾಕಿ ನೀವಲು ಗೊತ್ತಿರುತ್ತದೆ. ನಮ್ಮ ಗರಡಿ ಮನೆಯ ಉಸ್ತಾದರೂ ಹಾಗೆಯೇ ಇದ್ದರು. ಕೆಮ್ಮಣ್ಣು ಹದ ಮಾಡುವುದರಿಂದ ಕಲಿಕೆ ಶುರುವಾಗುತ್ತಿತ್ತು, ಕುಸ್ತಿ ಆಮೇಲೆ. ಇದು ಗಂಡಸರ ವಿದ್ಯೆ ಮಾತ್ರ ಅಂತ ಹೇಳುವವರು ಕೇರಳದ ವಡಗರದ ಮೀನಾಕ್ಷಿ ಅಮ್ಮನವರನ್ನು ನೋಡಲಿ. ಎಪ್ಪತ್ತು ದಾಟಿದ ಮೇಲೂ ಕತ್ತಿ ಹಿಡಿದು ಕಳರಿ ಕಲಿಸಿದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು.

ನಟನಿಗೆ ಕಾದಾಟದ ವಿದ್ಯೆ ಯಾಕೆ ಬೇಕು? ಹೊಡೆಯಲು ಅಲ್ಲ, ಹೊಡೆಯದೆ ಇರಲು. ಸಿನಿಮಾ ಫೈಟ್‌ನಲ್ಲಿ ಗುದ್ದು ಎದುರಿನವನ ಮುಖದಿಂದ ಗೇಣುದ್ದ ದೂರ ನಿಲ್ಲಬೇಕು. ಆ ದೂರವನ್ನು ಕ್ಯಾಮೆರಾ ಮುಚ್ಚುತ್ತದೆ. ಪೆಟ್ಟು ಬಿತ್ತು ಅಂತ ನಮ್ಮನ್ನು ನಂಬಿಸುವವನು ಬೀಳುವವನು. ಸರಿಯಾಗಿ ಬೀಳುವುದು, ಉರುಳುವುದು, ಜೊತೆಗಾರನ ಲೆಕ್ಕಕ್ಕೆ ತನ್ನ ಉಸಿರು ಹೊಂದಿಸುವುದು, ಇವು ದಪ್ಪ ತೋಳಿನಿಂದ ಬರುವುದಿಲ್ಲ. ದಿನಾ ಅಭ್ಯಾಸದಿಂದ ಬರುತ್ತವೆ. ಹತ್ತು ಜನರ ಮೇಲೆ ಬಿದ್ದು ಎದ್ದ ತಕ್ಷಣ ಏದುಸಿರಿಲ್ಲದೆ ಮಾತಾಡುವುದೂ ಅದರಿಂದಲೇ ಬರುತ್ತದೆ.

ಇದರಲ್ಲಿ ಜೀವದ ಪ್ರಶ್ನೆಯೂ ಇದೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರೀಕರಣ ನಡೆದಿತ್ತು. ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಅನಿಲ್ ಮತ್ತು ಉದಯ್ ಮೇಲೆ ಬರಲೇ ಇಲ್ಲ. ಇಬ್ಬರದೂ ಕಟ್ಟುಮಸ್ತಾದ ಮೈ. ಆದರೆ ಆ ಮೈ ಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಸುರಕ್ಷತೆ ನೋಡಿಕೊಳ್ಳಬೇಕಾದ್ದು ಚಿತ್ರ ಮಾಡುವವರ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೂ ಹೊಸಬರಿಗೆ ಹೇಳಲೇಬೇಕಾದ ಮಾತೊಂದಿದೆ. ‘ಹಗ್ಗ ಎಲ್ಲಿ, ಜಾಕೆಟ್ ಎಲ್ಲಿ, ನನಗೆ ಈಜು ಬರುವುದಿಲ್ಲ’ ಅಂತ ಬಾಯಿ ಬಿಟ್ಟು ಕೇಳುವುದೂ ತರಬೇತಿಯ ಭಾಗ. ಚಾನ್ಸ್ ತಪ್ಪೀತು ಅಂತ ಸುಮ್ಮನಿರಬೇಡಿ.

ಹಾಗಾದರೆ ಕಲಿಯುವುದು ಎಲ್ಲಿ? ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡು ಒಂದು ಹಳ್ಳಿ. ಅಲ್ಲಿ 1949ರಲ್ಲಿ ನೀನಾಸಮ್ ಹುಟ್ಟಿತು, ಕೆ.ವಿ. ಸುಬ್ಬಣ್ಣನವರ ಮುಂದಾಳ್ತನದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವೂ ಬಂತು. ಅಚ್ಯುತ್ ಕುಮಾರ್ ಅಲ್ಲಿ ಕಲಿತವರು. ಸತೀಶ್ ಆ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡಿದ್ದಾರೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ರಂಗಶಾಲೆ ಇದೆ, ಮೈಸೂರಿನಲ್ಲಿ ರಂಗಾಯಣ ಇದೆ, ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಇದೆ. ಅಷ್ಟು ದೂರ ಹೋಗಲಾಗದವರಿಗೆ ಊರ ಹಬ್ಬದ ನಾಟಕ ಇದೆ. ‘ಕುರುಕ್ಷೇತ್ರ’ದಲ್ಲಿ ದುರ್ಯೋಧನನ ಪಾರ್ಟಿಗೆ ದುಡ್ಡು ಕೊಡಲು ಪೈಪೋಟಿ ಮಾಡುತ್ತೇವಲ್ಲ, ಆ ದುಡ್ಡಿಗೆ ಹಾರ್ಮೋನಿಯಂ ಮಾಸ್ತರರಿಂದ ಉಸಿರು ಹಿಡಿದು ಕಂದ ಹಾಡುವುದನ್ನೂ ಸರಿಯಾಗಿ ಕಲಿಯೋಣ. ಬೆಳತನಕ ಮೈಕಿನ ಮುಂದೆ ನಿಂತವರಿಗೆ ಕ್ಯಾಮೆರಾ ಭಯ ಕಡಿಮೆ.

‘ಎಷ್ಟು ಕಲಿತರೇನು, ಒಳಗೆ ಪರಿಚಯ ಬೇಕಲ್ಲ’ ಅನ್ನುವವರಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. ಪರಿಚಯ ಇದ್ದವರಿಗೆ ಬಾಗಿಲು ಬೇಗ ತೆರೆಯುತ್ತದೆ. ಆದರೆ ಪರಿಚಯ ಇಲ್ಲದವರ ಕೈಯಲ್ಲಿ ಇರುವುದು ಕಲಿಕೆ ಒಂದೇ. ಸಿನಿಮಾ ಸಿಗದಿದ್ದರೂ ಆ ವಿದ್ಯೆ ಹೋಗುವುದಿಲ್ಲ. ನಾಟಕ ಕಲಿತವರು ಶಾಲೆಗಳಲ್ಲಿ ನಾಟಕ ಮಾಡಿಸುತ್ತಾರೆ, ಧಾರಾವಾಹಿಗೆ ದನಿ ಕೊಡುತ್ತಾರೆ, ಮೇಳ ಕಟ್ಟುತ್ತಾರೆ. ಮೂರು ತಿಂಗಳ ಸರ್ಟಿಫಿಕೇಟಿಗೆ ಅಷ್ಟು ಬೆಲೆ ಇಲ್ಲ.

ಬೆಂಗಳೂರಿನ ತರಬೇತಿಯೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಗುರುಗಳು ಅಲ್ಲೂ ಇದ್ದಾರೆ. ಫೀಸು ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಪಾಠ ಮಾಡುವವರು ಯಾರು, ಅವರು ಮಾಡಿದ ಕೆಲಸ ಏನು? ದಿನಕ್ಕೆ ಎಷ್ಟು ಗಂಟೆ ಅಭ್ಯಾಸ? ಹಿಂದಿನ ತಂಡದವರ ನಾಟಕ ತೋರಿಸುತ್ತೀರಾ? ಕಟ್ಟಿದ ಹಣಕ್ಕೆ ರಸೀದಿ ಕೊಡುತ್ತೀರಾ? ‘ದುಡ್ಡು ಕೊಟ್ಟರೆ ಪಾತ್ರ ಕೊಡಿಸುತ್ತೇವೆ’ ಎಂದರೆ ಅಲ್ಲಿಂದ ಎದ್ದು ಬನ್ನಿ.

ಊರಿನ ಹಿರಿಯರಲ್ಲೂ ಒಂದು ಮಾತು. ಬೀಗ ಹಾಕಿದ ಗರಡಿ ಮನೆ ನಿಮ್ಮೂರಲ್ಲಿ ಇದ್ದರೆ ಬಾಗಿಲು ತೆಗೆಸಿ, ಹೆಣ್ಣುಮಕ್ಕಳಿಗೂ ಒಂದು ಹೊತ್ತು ಬಿಟ್ಟುಕೊಡಿ. ಅಲ್ಲಿ ಬೆವರಿದವರೆಲ್ಲ ಹೀರೊ ಆಗುವುದಿಲ್ಲ. ಆದರೆ ಹೀರೊ ಮಾಡುತ್ತೇವೆ ಅಂತ ಬರುವವರ ಮಾತಿಗೆ ಕುರಿ ಮಾರುವ ಮನೆಗಳು ಕಡಿಮೆಯಾಗುತ್ತವೆ.